ನೇರಳೆ ಟೀ ಗಿಡ ಹಸಿರಾಗಿಬಿಟ್ಟಿದೆ, ಯಾರಾದರೂ ಹೇಳ್ರಪ್ಪ

ಬಳ್ಳಾರಿ_ತಾರಸಿ: ದುಡ್ಡು ಸುರಿದು ನೇರಳೆ ಟೀ ಗಿಡ ತಂದೆ. ತಂದಾಗ ಚಿಗುರೆಲ್ಲ ನೇರಳೆ. ಈಗ ಮಾಮೂಲಿ ಹಸಿರು. ನರ್ಸರಿಯವರು ಫೋನೇ ಎತ್ತುವುದಿಲ್ಲ. ಬಿಸಿಲಿದೆ, ನೀರು ಹಾಕುತ್ತೇನೆ, ಗೊಬ್ಬರ ಹಾಕುತ್ತೇನೆ. ಇನ್ನೇನು ಬೇಕಂತೆ ಇದಕ್ಕೆ?

ಸಿಂಧನೂರು_ಗದ್ದೆ: ಮಣ್ಣು ಸರ್, ಮಣ್ಣು. ಟೀಗೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿ-ಕ್ಷಾರದ ಅಳತೆ) 4.5ರಿಂದ 5.5 ಇರಬೇಕು. ನಮ್ಮ ಎರೆ ಮಣ್ಣು ಕ್ಷಾರ, 8 ದಾಟುತ್ತದೆ.

ಬಳ್ಳಾರಿ_ತಾರಸಿ: ಕುಂಡಕ್ಕೆ ಎರೆ ಮಣ್ಣು ಯಾರು ಹಾಕುತ್ತಾರೆ? ಕೋಕೋಪೀಟ್, ಕೆಂಪು ಮಣ್ಣು.

ಗಂಗಾವತಿ_ಗುರು: ರಂಜಕ ಕಡಿಮೆಯಾದರೆ ಎಲೆ ನೇರಳೆ ಆಗುತ್ತದೆ. ಮೆಕ್ಕೆಜೋಳದಲ್ಲಿ ನೋಡಿಲ್ವಾ? ನಿಮ್ಮದು ಮಾಮೂಲಿ ಟೀ ಗಿಡ, ಹಸಿದಿತ್ತು ಅಷ್ಟೇ. ನೀವು ಹಾಕಿದ ಗೊಬ್ಬರ ಡಿಎಪಿ ಇರಬೇಕು, ಅದರಲ್ಲಿ ರಂಜಕ ಇರುತ್ತದೆ, ವಾಸಿಯಾಯಿತು. ನರ್ಸರಿಯವರು ಟೋಪಿ ಹಾಕಿದ್ದಾರೆ.

ಮುನಿರಾಬಾದ್_ಅಕ್ಕ: ಗುರುಗಳೇ, ರಂಜಕದ ಕೊರತೆ ಮೊದಲು ಕಾಣುವುದು ಕೆಳಗಿನ ಹಳೆ ಎಲೆಯಲ್ಲಿ. ನೇರಳೆ ಟೀಯಲ್ಲಿ ಬಣ್ಣ ಚಿಗುರಿಗೆ. ಬಲಿತ ಎಲೆ ತಾನಾಗಿಯೇ ಹಸಿರಾಗುತ್ತದೆ. ತಾರಸಿ ಅಣ್ಣ, ಹೊಸ ಚಿಗುರೂ ಹಸಿರಾ? ಗಿಡದ ಮೇಲೇನಿದೆ?

ಸಿಂಧನೂರು_ಗದ್ದೆ: ಯಾವ ನೀರು ಅದನ್ನೂ ಹೇಳಿ. ಕ್ಷಾರದ ಬೋರ್ ನೀರಾದರೆ ಕಥೆ ಮುಗೀತು.

ಗಂಗಾವತಿ_ಗುರು: ಕಾಲುವೆ ನೀರು ಸಿಗುವವರಿಗೆ ಮಾತು ಸುಲಭ. ನಮ್ಮ ಉಪಕಾಲುವೆಯ ಕೊನೆ ಭಾಗಕ್ಕೆ ಬಂದು ನೋಡಿ.

ಬಳ್ಳಾರಿ_ತಾರಸಿ: ನೀರಿನ ಜಗಳ ಆಮೇಲೆ ಆಡಿ ಸ್ವಾಮಿ. ಹೊಸ ಚಿಗುರೂ ಹಸಿರೇ. ಮೇಲೆ ಪಾಲಿಕಾರ್ಬೊನೇಟ್ ಶೀಟ್ ಇದೆ, ಪಾರದರ್ಶಕ. ಎಲ್ಲರ ಮನೆಯಲ್ಲೂ ಇರುತ್ತಲ್ವಾ? ಫೋಟೋ ಹಾಕಿದ್ದೇನೆ.

ಮುನಿರಾಬಾದ್_ಅಕ್ಕ: ಫೋಟೋದ ಬಲಗಡೆ ನೋಡಿ. ಒಂದು ರೆಂಬೆ ಶೀಟಿನ ಅಂಚು ದಾಟಿ ಹೊರಗೆ ಚಾಚಿದೆ. ಅದರ ತುದಿಯ ಎರಡು ಎಲೆ, ಮೊಗ್ಗು, ಎಳೆ ಕಾಂಡ ಎಲ್ಲ ನೇರಳೆ. ಗಿಡ ಅಸಲಿಯೇ.

ಆ ಬಣ್ಣ ಆಂಥೋಸಯಾನಿನ್. ಟೀಗೆ ಒಗರು ಕೊಡುವ ಕ್ಯಾಟೆಚಿನ್ ತಯಾರಾಗುವ ದಾರಿಯಲ್ಲೇ ಇದೂ ಕವಲೊಡೆಯುತ್ತದೆ. ಎಂವೈಬಿ ಅನ್ನುವ ಗುಂಪಿನ ಪ್ರೋಟೀನ್ ಇನ್ನೆರಡು ಪ್ರೋಟೀನ್ ಜೊತೆ ಸೇರಿ ಬಣ್ಣದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ನೇರಳೆ ತಳಿಗಳಲ್ಲಿ ಈ ಎಂವೈಬಿ ಚುರುಕು. ಆದರೂ ಬೆಳಕಿನ ತಳ್ಳು ಬೇಕು, ಅದರಲ್ಲೂ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಬಿ (ನೇರಳಾತೀತ) ಕಿರಣ. ನೆರಳು ಕಟ್ಟಿದರೆ ಬಣ್ಣ ಇಳಿಯುತ್ತದೆ. ನಿಮ್ಮ ಶೀಟ್ ಬೆಳಕು ಬಿಡುತ್ತದೆ, ಯುವಿ ತಡೆಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ.

ಬಳ್ಳಾರಿ_ತಾರಸಿ: ಹಾಗಾದರೆ ಇವತ್ತೇ ಹೊರಗಿಡುತ್ತೇನೆ.

ಮುನಿರಾಬಾದ್_ಅಕ್ಕ: ಅಯ್ಯೋ, ಬೇಡ! ಬಳ್ಳಾರಿ ಏಪ್ರಿಲ್ ಬಿಸಿಲಿಗೆ ಸುಟ್ಟು ಹೋಗುತ್ತದೆ. ಶೀಟ್ ಇಲ್ಲದ ಕಡೆ, ಗೋಡೆಯ ಪೂರ್ವ ಬದಿಗೆ ಇಡಿ, ಬೆಳಗಿನ ಬಿಸಿಲು ಮಾತ್ರ ಬೀಳಲಿ. ಹಸಿರಾದ ಎಲೆ ತಿರುಗಿ ನೇರಳೆ ಆಗಲಿ ಅಂತ ಕಾಯಬೇಡಿ, ಮುಂದಿನ ಚಿಗುರು ನೋಡಿ.

ಗಂಗಾವತಿ_ಗುರು: ನಾನಂತೂ ಡಿಎಪಿ ಅಂತಲೇ ಹೇಳುತ್ತೇನೆ.

ಸಿಂಧನೂರು_ಗದ್ದೆ: ನಮ್ಮ ಮಾಳಿಗೆ ಮೇಲೆ ಟೈಮರ್ ಇಟ್ಟು ಮಂಜಿನಂತೆ ನೀರು ಚಿಮ್ಮುವ ಫಾಗರ್ ಹಾಕಿಸಿದ್ದೇನೆ. ಮೇ ತಿಂಗಳಲ್ಲೂ ಆರ್ಕಿಡ್ ಹೂ ಬಿಡುತ್ತದೆ. ಫೋಟೋ ನೋಡಿ.

ಗಂಗಾವತಿ_ಗುರು: ಮೋಟಾರ್ ಎಷ್ಟು ಎಚ್‌ಪಿ? ನಾಜಲ್ ಕಟ್ಟಿಕೊಳ್ಳುವುದಿಲ್ವಾ?