ಅಪ್‌ಡೇಟ್: ವೈನಿ ಕೈ ತೊಳೆಯುತ್ತಿದ್ದದ್ದು ಮಡಿಗಲ್ಲ

ನಾಲ್ಕು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ಜಮಖಂಡಿಯಲ್ಲಿರುವ ನಮ್ಮ ವೈನಿ (ಅಣ್ಣನ ಹೆಂಡತಿ) ದಿನಕ್ಕೆ ಮೂರು ತಾಸು ಕೈ ತೊಳೆಯುತ್ತಾರೆ, ಇದು ಮಡಿನಾ, ಕಾಯಿಲೆನಾ ಅಂತ. ಅವ್ವ "ಮಡಿ ಜಾಸ್ತಿ, ಅಷ್ಟ" ಅಂದಿದ್ದಳು. ಒಬ್ಬ ಡಾಕ್ಟರು ಬಿರುಕು ಬಿಟ್ಟ ಕೈಗೆ ಮುಲಾಮು ಬರೆದುಕೊಟ್ಟು ಕಳಿಸಿದ್ದರು.

ನೀವು ಹೇಳಿದಂತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಆಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆವು. ಓಸಿಡಿ, ಅಂದರೆ ಗೀಳು ಕಾಯಿಲೆ ಅಂದರು. ಇದು ರಕ್ತ ಪರೀಕ್ಷೆಯಲ್ಲಿ ಸಿಗುವಂಥದ್ದಲ್ಲ, ಕೂರಿಸಿ ಮಾತಾಡಿಸಿಯೇ ಕಂಡುಹಿಡಿಯಬೇಕು.

ಮಾತ್ರೆಯ ಪೂರ್ತಿ ಗುಣ ಕಾಣಲು 8ರಿಂದ 12 ವಾರ ಬೇಕಂತೆ. ಆರನೇ ವಾರಕ್ಕೇ ಅಣ್ಣ ನಿಲ್ಲಿಸಲು ಹೊರಟಿದ್ದ, ಜಗಳಾಡಿ ತಡೆದೆ. ಜೊತೆಗೆ ಒಂದು ಅಭ್ಯಾಸ: ಬಾಗಿಲ ಚಿಲಕ ಮುಟ್ಟಿ, ತಳಮಳ ತಾನಾಗೇ ಇಳಿಯುವವರೆಗೆ ಕೈ ತೊಳೆಯದೆ ಕೂರುವುದು. ಮೊದಲ ದಿನ ವೈನಿ ಅತ್ತೇಬಿಟ್ಟರು. ನಮಗೂ ಬೈಗುಳ ಸಿಕ್ಕಿತು ಅನ್ನಿ. "ಕೈ ಸ್ವಚ್ಛ ಅದಾವ" ಅಂತ ನಾವು ಪದೇ ಪದೇ ಸಮಾಧಾನ ಹೇಳುತ್ತಿದ್ದದ್ದೇ ಗೀಳಿಗೆ ಮೇವಾಗಿತ್ತಂತೆ!

ಈಗ ಕೈ ತೊಳೆಯುವುದು ದಿನಕ್ಕೆ ಅರ್ಧ ತಾಸಿಗೆ ಇಳಿದಿದೆ. ಹೋದ ವಾರ ರೊಟ್ಟಿ ಬಡಿದರು. ಹಿಟ್ಟಿನ ಕೈ ಒಂದೇ ಸಲ ತೊಳೆದರು.