ಅಪ್‌ಡೇಟ್: ಪಿಸ್ತೂಲೋ ರಿವಾಲ್ವರೋ ಅಂತ ಕೇಳಿದ್ದೆ, ಕೊನೆಗೆ ತಗೊಂಡಿದ್ದು ಇದು

ಪುಣೆಯ ಲಕ್ಷ್ಮೀ ರಸ್ತೆಯಿಂದ ರಾತ್ರಿ ಹಣ, ಒಡವೆ ಹಿಡ್ಕೊಂಡು ಮನೆಗೆ ಬರೋನು ನಾನು. ಲೈಸೆನ್ಸ್ ಸಿಕ್ಕಿದೆ, ಅಂಗಿಯೊಳಗೆ ಇಟ್ಕೊಳ್ಳೋಕೆ ಯಾವುದು ಒಳ್ಳೇದು ಅಂತ ಕೇಳಿದ್ದೆ. ಹಲವರು ಗ್ಲಾಕ್ 19 ಅನ್ನೋ 9 ಎಂಎಂ ಪಿಸ್ತೂಲು ಅಂದ್ರಿ. ಆದ್ರೆ 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ನಮ್ಮಂಥವರ ಲೈಸೆನ್ಸಿಗೆ ಸಿಗೋದಿಲ್ಲ. ಹಾಗಾಗಿ .32 ಬೋರಿನಲ್ಲೇ ಹುಡುಕಬೇಕಾಯ್ತು.

.32ರ ಅಶನಿ ಅನ್ನೋ ಪಿಸ್ತೂಲು ಚಪ್ಪಟೆ, ಸೊಂಟದಲ್ಲಿ ಚೆನ್ನಾಗಿ ಅಡಗುತ್ತೆ. ಮನಸ್ಸು ಅದರ ಮೇಲೇ ಇತ್ತು. ಆದ್ರೆ ಗುಂಡು ಹೊಡೆಯೋ ಅಭ್ಯಾಸದ ರೇಂಜಿನಲ್ಲಿ ಗೆಳೆಯರೊಬ್ಬರ ಪಿಸ್ತೂಲಿನಲ್ಲಿ ಒಂದು ಗುಂಡು ಹಾರಲೇ ಇಲ್ಲ. ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದು ಅದನ್ನ ಹೊರಹಾಕೋಷ್ಟರಲ್ಲಿ ನನ್ನ ಕೈ ನಡುಗ್ತಿತ್ತು. ರಿವಾಲ್ವರಿನಲ್ಲಿ ಹಾಗಾದ್ರೆ ಟ್ರಿಗರ್ ಇನ್ನೊಮ್ಮೆ ಒತ್ತಿದ್ರೆ ಸಾಕು, ಮುಂದಿನ ಗುಂಡು ಬರುತ್ತೆ. ಅಲ್ಲೇ ತೀರ್ಮಾನ ಆಯ್ತು.

ಕಾನ್ಪುರದಲ್ಲಿ ತಯಾರಾಗೋ ನಿರ್ಭೀಕ್ ಅನ್ನೋ .32 ರಿವಾಲ್ವರ್ ತಗೊಂಡೆ. 2014ರಲ್ಲಿ ಬಂದದ್ದು, ಸುಮಾರು 500 ಗ್ರಾಂ, ಆರು ಗುಂಡು. ಹಗುರ ಇರೋದ್ರಿಂದ ಹೊಡೆದಾಗ ಕೈಗೆ ಜಾಸ್ತಿ ಒದೆಯುತ್ತೆ. ಅಭ್ಯಾಸ ಬೇಕೇ ಬೇಕು.

ಹೋಲ್‌ಸ್ಟರ್ (ಆಯುಧ ಇಡೋ ಚೀಲ) ವಿಷಯದಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಆಯುಧ ಪೂರ್ತಿ ಮುಚ್ಚಿರಬೇಕು, ನಮ್ಮ ಹತೋಟಿಯಲ್ಲೂ ಇರಬೇಕು. ಟ್ರಿಗರ್ ಮುಚ್ಚುವ ಗಟ್ಟಿ ಚರ್ಮದ್ದೇ ಹೊಲಿಸಿದೆ. ಗಣಪತಿ ವಿಸರ್ಜನೆಯ ಜನಜಂಗುಳಿಗೆ ಮಾತ್ರ ಒಯ್ಯಲ್ಲ, ಗುಂಡು ತೆಗೆದು ತಿಜೋರಿಯಲ್ಲಿ ಇಡ್ತೀನಿ. ಮನೇಲಿ ಎಂಟು ವರ್ಷದ ಮಗಳಿದ್ದಾಳೆ, ತಿಜೋರಿಯ ಕೀಲಿ ಸದಾ ನನ್ನ ಜೇಬಲ್ಲೇ.