ಮನೆಗೆ ಏರ್ ಪ್ಯೂರಿಫೈಯರ್ ಬೇಕಾ? ಶ್ವಾಸಕೋಶದ ಡಾಕ್ಟರ ಜೊತೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಇವತ್ತು ಸಂಜೆ 7ರಿಂದ ಶ್ವಾಸಕೋಶದ ಡಾಕ್ಟರ್ ಮೇಡಂ ನಮ್ಮ ಜೊತೆ ಇದ್ದಾರೆ. ಏರ್ ಪ್ಯೂರಿಫೈಯರ್ ಬಗ್ಗೆ ಏನಿದ್ದರೂ ಕೇಳಿ. ಫಾರ್ವರ್ಡ್ ಹಾಕಬೇಡಿ.

ಶಿರಸಿ ಪೇಟೆಯಿಂದ: ಮಗನಿಗೆ ಬೆಳಿಗ್ಗೆ ಎದ್ದರೆ ಸೀನು, ಮೂಗು ಸೋರುವುದು. ರೂಮು 12 ಅಡಿಗೆ 12 ಅಡಿ. ಎಷ್ಟು ದೊಡ್ಡ ಮೆಷಿನ್ ಬೇಕು ಮೇಡಂ?

ಡಾಕ್ಟರ್: ಡಬ್ಬದ ಮೇಲೆ ಸಿಎಡಿಆರ್ ಅಂತ ಒಂದು ಅಂಕಿ ಇರುತ್ತದೆ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ ಅದು. 10 ಅಡಿ ಎತ್ತರವಿದ್ದರೆ ನಿಮ್ಮ ರೂಮಿನಲ್ಲಿ ಸುಮಾರು 41 ಘನ ಮೀಟರ್ ಗಾಳಿ ಇದೆ. ಅದು ಗಂಟೆಗೆ 5 ಸಲ ಶುದ್ಧವಾಗಬೇಕು. ಹಾಗಾಗಿ 200ಕ್ಕಿಂತ ಮೇಲಿನದು ನೋಡಿ. ಫಿಲ್ಟರ್ ಎಚ್13 ಹೆಪಾ ಇರಲಿ, ಅಂದರೆ ತೀರಾ ಸಣ್ಣ ಕಣವನ್ನೂ ಹಿಡಿಯುವ ದರ್ಜೆಯದು. ‘ಹೆಪಾ ಟೈಪ್’ ಅಂತ ಬರೆದಿದ್ದರೆ ಬಿಟ್ಟುಬಿಡಿ. ಓಜೋನ್ ಬಿಡುವ ಮೆಷಿನ್ ಮನೆಗೆ ತರಲೇಬೇಡಿ, ಅದು ಶ್ವಾಸನಾಳವನ್ನು ಕೆರಳಿಸುತ್ತದೆ. ಇನ್ನೊಂದು, ಮುಚ್ಚಿಗೆ ಇಲ್ಲದ ಹಂಚಿನ ಮನೆಗೆ ಈ ಲೆಕ್ಕ ಹಿಡಿಯುವುದಿಲ್ಲ. ಸಂದಿಯಿಂದ ಹೊರಗಿನ ಗಾಳಿ ಬರುತ್ತಲೇ ಇರುತ್ತದೆ.

ಕಾರವಾರದಿಂದ: ನಮ್ಮ ಮನೆ ಹೈವೇ ಪಕ್ಕ. ದಿನಾ ಧೂಳು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಧೂಳು. ಏನು ಮಾಡೋದು?

ಹೊನ್ನಾವರದಿಂದ: ಗೋಡೆಗೆಲ್ಲ ಬೂಷ್ಟು, ವಾಸನೆ. ಪ್ಯೂರಿಫೈಯರ್ ಹಾಕಿದರೆ ಹೋಗುತ್ತಾ?

ಡಾಕ್ಟರ್: ಹೋಗುವುದಿಲ್ಲ. ಗಾಳಿಯಲ್ಲಿ ಹಾರುವ ಕಣ ಹಿಡಿಯುತ್ತದೆ, ಗೋಡೆಯ ಮೇಲಿನದು ಹಾಗೇ ಬೆಳೆಯುತ್ತದೆ. ಸೋರುವ ಜಾಗ ಸರಿ ಮಾಡಿಸಿ. ಮಳೆಗಾಲಕ್ಕೆ ಕರಾವಳಿಯಲ್ಲಿ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಎಳೆಯುವ ಮೆಷಿನ್, ಜಾಸ್ತಿ ಉಪಯೋಗ. ತೇವಾಂಶ 60%ಕ್ಕಿಂತ ಕೆಳಗಿರಲಿ.

ಕುಮಟಾದಿಂದ: (ಫಾರ್ವರ್ಡ್) ಕರ್ಪೂರ, ಲವಂಗ ಸುಟ್ಟರೆ ಮನೆ ಗಾಳಿ 24 ತಾಸು ಶುದ್ಧ! ನಾಸಾ ಒಪ್ಪಿದ 5 ಗಿಡ ಇಟ್ಟರೆ ಯಾವ ಮೆಷಿನ್ನೂ ಬೇಡ!

ಡಾಕ್ಟರ್: ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದಾರೆ. ಕರ್ಪೂರ ಸುಟ್ಟರೆ ಬರುವುದು ಮಸಿ, ಹೊಗೆ. ಉಬ್ಬಸ ಇರುವವರ ಎದುರು ಸುಡಬೇಡಿ. ಚಿಕ್ಕ ಮಕ್ಕಳು ಒಂದು ತುಂಡು ನುಂಗಿದರೂ ಫಿಟ್ಸ್ ಬರಬಹುದು, ಕೈಗೆ ಸಿಗದ ಹಾಗೆ ಇಡಿ. ನಾಸಾದವರು 1989ರಲ್ಲಿ ಪರೀಕ್ಷೆ ಮಾಡಿದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ. ನಿಮ್ಮ ಜಗಲಿಯಲ್ಲಿ ಅಲ್ಲ.

ಸಿದ್ದಾಪುರದಿಂದ: ಮೇಡಂ, ಅಪ್ಪಯ್ಯನಿಗೆ 66. ಮಳೆ ಹಿಡಿದಾಗಿನಿಂದ ಒಣ ಕೆಮ್ಮು, ತೋಟದ ಏರು ಹತ್ತಿದರೆ ಏದುಸಿರು. ಸಂಜೆ ಚಳಿ ಜ್ವರ, ಬೆಳಿಗ್ಗೆ ಇರುವುದಿಲ್ಲ. ಎರಡು ಸಲ ಆ್ಯಂಟಿಬಯೋಟಿಕ್ ಆಯ್ತು. ತಂಗಿ ಮನೆಗೆ ಹುಬ್ಬಳ್ಳಿಗೆ ಹೋದಾಗ ಆರಾಮಿದ್ದರು. ಅವರ ಕೋಣೆಗೆ ಯಾವ ಪ್ಯೂರಿಫೈಯರ್ ತರಲಿ?

ಡಾಕ್ಟರ್: ತಮ್ಮಾ, ಈಗಲೇ ಏನೂ ಕೊಳ್ಳಬೇಡ. ಕೊಟ್ಟಿಗೆ ಕೆಲಸ ಅವರದ್ದೇ? ಹುಲ್ಲು ಎಲ್ಲಿಟ್ಟಿದ್ದೀರಿ?

ಸಿದ್ದಾಪುರದಿಂದ: ಅಟ್ಟದ ಮೇಲೆ. ಈ ಸಲ ನೆನೆದು ಬೂಷ್ಟು ಬಂದಿದೆ. ದಿನಾ ಮಧ್ಯಾಹ್ನ ಅವರೇ ಇಳಿಸಿ ಕೊಡವುತ್ತಾರೆ.

ಡಾಕ್ಟರ್: ನನಗೆ ಅದೇ ಅನುಮಾನ. ನೆನೆದ ಹುಲ್ಲು ಒಳಗೊಳಗೇ ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಕೆಲವು ಬ್ಯಾಕ್ಟೀರಿಯಾ, ಬೂಷ್ಟು ಚೆನ್ನಾಗಿ ಬೆಳೆಯುತ್ತವೆ. ಕೊಡವಿದಾಗ ಆ ಪುಡಿ ಶ್ವಾಸಕೋಶದ ತಳಕ್ಕೆ ಹೋಗುತ್ತದೆ. ಕೆಲವರ ದೇಹ ಅದರ ಮೇಲೆ ತಿರುಗಿ ಬೀಳುತ್ತದೆ. 4ರಿಂದ 8 ಗಂಟೆ ಬಿಟ್ಟು ಚಳಿ, ಜ್ವರ, ಕೆಮ್ಮು. ರೈತರ ಶ್ವಾಸಕೋಶದ ಕಾಯಿಲೆ ಅಂತಲೇ ಇದನ್ನು ಕರೆಯುತ್ತಾರೆ. ನ್ಯುಮೋನಿಯಾ ಅಂತ ಔಷಧಿ ಕೊಟ್ಟರೆ ಗುಣ ಆಗುವುದಿಲ್ಲ. ಊರು ಬಿಟ್ಟಾಗ ಆರಾಮಾಗಿದ್ದರು ಅಂದಿರಲ್ಲ, ನನಗೆ ಮುಖ್ಯ ಸುಳಿವು ಅದು. ಹೀಗೇ ನಡೆದರೆ ಶ್ವಾಸಕೋಶದಲ್ಲಿ ಕಲೆ ಕಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಮೊದಲಿನ ಹಾಗೆ ಮಾಡಲು ಆಗುವುದಿಲ್ಲ. ಮಲಗುವ ಕೋಣೆಯಲ್ಲಿ ಮೆಷಿನ್ ಇಟ್ಟು ಏನು ಪ್ರಯೋಜನ, ಪುಡಿ ಇರುವುದು ಅಟ್ಟದಲ್ಲಿ. ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ಮತ್ತು ಉಸಿರಿನ ಪರೀಕ್ಷೆ ಬೇಕು. 2 ವಾರ ದಾಟಿದ ಕೆಮ್ಮು, ಹಾಗಾಗಿ ಕಫ ಬಂದರೆ ಟಿಬಿ ಪರೀಕ್ಷೆಯೂ ಆಗಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಾಳೆಯಿಂದ ಅವರು ಅಟ್ಟ ಹತ್ತುವುದು ಬೇಡ.

ಭಟ್ಕಳದಿಂದ: ಯಾವ ಕಂಪನಿ ಒಳ್ಳೇದು?

ಡಾಕ್ಟರ್: ಕಂಪನಿ ಹೆಸರು ಹೇಳುವುದಿಲ್ಲ.

ಯಲ್ಲಾಪುರದಿಂದ: ಸುತ್ತ ಕಾಡಿರುವ ನಮಗೆ ಇದೆಲ್ಲ ಯಾಕೆ ಮಾರಾಯ್ರೆ. ದಿಲ್ಲಿಯವರು ತಗೊಳ್ಳಲಿ.

ಶಿರಸಿ ಹಳ್ಳಿಯಿಂದ: ಅಣ್ಣಾ, ಕಾಡು ಹೊರಗಿದೆ, ಹೊಗೆ ಒಳಗಿದೆ. ನಮ್ಮ ಬಚ್ಚಲೊಲೆ ಹೊಗೆ ನೇರ ಅಡುಗೆಮನೆಗೆ.

ಯಲ್ಲಾಪುರದಿಂದ: ನಮ್ಮಜ್ಜಿ ಅದೇ ಹೊಗೆಯಲ್ಲಿ 90 ವರ್ಷ ಗಟ್ಟಿಯಾಗಿದ್ದರು.

ಶಿರಸಿ ಹಳ್ಳಿಯಿಂದ: ನಮ್ಮ ಆಯಿ ಒಂದು ದಿನ ಬೀಡಿ ಮುಟ್ಟಿದವರಲ್ಲ. ಈಗ ಇನ್ಹೇಲರ್ ಇಲ್ಲದೆ ದೇವರ ಕೋಣೆವರೆಗೂ ನಡೆಯೋಕಾಗಲ್ಲ. ಒಲೆ ಎದುರು ಕೂತವರು ಯಾರು, ನೀವಾ?

ಯಲ್ಲಾಪುರದಿಂದ: ಹಾಗಾದ್ರೆ ತಣ್ಣೀರು ಸ್ನಾನ ಮಾಡಿ.

ಅಂಕೋಲಾದಿಂದ: ಗೀಸರ್ ಹಾಕಿಸಿ, ಜಗಳ ಬಿಡಿ. ನಾವು ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಸಿದೀವಿ. ಕಿಟಕಿ ಮುಚ್ಚಿ ಪ್ಯೂರಿಫೈಯರ್ ಇಟ್ಟರೆ ಸಾಕಲ್ವಾ?

ಡಾಕ್ಟರ್: ಬೇಡ! ಕಿಟಕಿ ತೆರೆಯಿರಿ. ಗೀಸರಿನಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಪ್ಯೂರಿಫೈಯರ್ ಅದನ್ನು ಹಿಡಿಯುವುದಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಸಾಯುತ್ತಾರೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಬೇಕು.

ಯಲ್ಲಾಪುರದವರೇ, ಹೊಗೆಯಿಂದ ಬರುವ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ, ಬೀಡಿ ಸೇದದ ಹೆಂಗಸರಿಗೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮನೆಯೊಳಗಿನ ಹೊಗೆಯಿಂದ ಸತ್ತಿದ್ದಾರೆ. ಒಬ್ಬ ಅಜ್ಜಿಯ ಆಯಸ್ಸು ಹೇಳಿ ಇನ್ನೊಬ್ಬರ ತಾಯಿಯ ಬಾಯಿ ಮುಚ್ಚಿಸಬೇಡಿ. ಒಲೆಗೆ ಚಿಮಣಿ ಹಾಕಿಸಿ, ಕಡಿಮೆ ಹೊಗೆಯ ಅಸ್ತ್ರ ಒಲೆ ಮಾಡಿಸಿ, ದನ ಇದ್ದರೆ ಗೋಬರ್ ಗ್ಯಾಸ್ ಇದೆ. ಪ್ಯೂರಿಫೈಯರಿನ ದುಡ್ಡು ಅದಕ್ಕೆ ಹಾಕಿ.

ಯಲ್ಲಾಪುರದಿಂದ: ಡಾಕ್ಟರಿಗೆ ಎದುರು ಮಾತಾಡುವಂತಿಲ್ಲ ಅಂತಾಯ್ತು.

ಕುಮಟಾದಿಂದ: (ಫಾರ್ವರ್ಡ್) ಉಪ್ಪಿನ ದೀಪದಿಂದ ಆಸ್ತಮಾ ಮಾಯ!

ಡಾಕ್ಟರ್: ಇದನ್ನು ನಂಬಿ ಯಾರಾದರೂ ಇನ್ಹೇಲರ್ ಬಿಟ್ಟರೆ ಜೀವಕ್ಕೆ ಅಪಾಯ. ಅಳಿಸಿ.

ಭಟ್ಕಳದಿಂದ: ಕಂಪನಿ ಬೇಡ, ರೇಟಾದ್ರೂ ಹೇಳಿ.

ಡಾಕ್ಟರ್: ರೇಟೂ ಹೇಳುವುದಿಲ್ಲ. ಏನು ನೋಡಿ ಕೊಳ್ಳಬೇಕು ಅಂತ ಮೇಲೆ ಹೇಳಿದ್ದೇನೆ, ಓದಿ.

ಸಿದ್ದಾಪುರದಿಂದ: ನಾಳೆ ಬೆಳಿಗ್ಗೆನೇ ಹೊರಡುತ್ತೇವೆ ಮೇಡಂ. ಆದರೆ ಹುಲ್ಲು ಇಳಿಸೋಕೆ ಬೇರೆ ಜನ ಇಲ್ಲ.

ಡಾಕ್ಟರ್: ನೀನೇ ಇಳಿಸು. ಎನ್95 ಮಾಸ್ಕ್ ಹಾಕಿಕೊ, ನೀರು ಚಿಮುಕಿಸಿ ಇಳಿಸು, ಪುಡಿ ಕಡಿಮೆ ಏಳುತ್ತದೆ. ಬೂಷ್ಟು ಹಿಡಿದಿದ್ದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕು, ದನಕ್ಕೂ ಅದು ಒಳ್ಳೆಯದಲ್ಲ. ರಿಪೋರ್ಟ್ ಬಂದ ಮೇಲೆ ನನಗೆ ಕಳಿಸು.

ಕಾರವಾರದಿಂದ: ಹೈವೇ ಧೂಳಿನ ಪ್ರಶ್ನೆ ಕೇಳಿ ಒಂದು ತಾಸಾಯ್ತು.

ಗುಂಪಿನ ನಿರ್ವಾಹಕರು: ಮೇಡಂಗೆ ವಾರ್ಡಿನಿಂದ ಕರೆ ಬಂದಿದೆ, ಹೋದರು. ಕುಮಟಾದವರು ಆ ಎರಡು ಫಾರ್ವರ್ಡ್ ತೆಗೆಯದಿದ್ದರೆ ಗುಂಪಿನಿಂದ ನಾನೇ ತೆಗೆಯುತ್ತೇನೆ.